ಕ್ಷೇತ್ರದಿಂದ ಪ್ರಶ್ನೆಗೆ: ಸಂಶೋಧನ ಲೇಖನದ ವಿಷಯ ನಿರ್ಣಯ ಕುರಿತು ಒಂದು ಟಿಪ್ಪಣಿ

ಕನ್ನಡದ ಸಂಶೋಧನ ಲೇಖನಗಳ ಶೀರ್ಷಿಕೆಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಒಂದು ಅಚ್ಚು ಎದ್ದು ಕಾಣುತ್ತದೆ. ಒಬ್ಬ ಲೇಖಕರ ಹೆಸರು, ಒಂದು ಸಾಹಿತ್ಯ ಪ್ರಕಾರ, ಒಂದು ಪರಿಕಲ್ಪನೆ, ಕೊನೆಯಲ್ಲಿ ‘ಒಂದು ಅಧ್ಯಯನ’. ಹೆಸರುಗಳನ್ನು ಅದಲುಬದಲು ಮಾಡಿದರೂ ಚೌಕಟ್ಟು ಕದಲುವುದಿಲ್ಲ. ಇಂತಹ ಶೀರ್ಷಿಕೆ ಸೂಚಿಸುವುದು ಕ್ಷೇತ್ರವನ್ನೇ ಹೊರತು ವಿಷಯವನ್ನಲ್ಲ. ಉತ್ತರವನ್ನು ಬೇಡುವ ಪ್ರಶ್ನೆಯೊಂದು ರೂಪುಗೊಂಡಾಗ ಮಾತ್ರ ಕ್ಷೇತ್ರವು ವಿಷಯವಾಗುತ್ತದೆ ಎಂಬುದು ಈ ಟಿಪ್ಪಣಿಯ ನಿಲುವು.

ಈ ಮಾತನ್ನು ನಾನು ಹೊರಗೆ ನಿಂತು ಆಡುತ್ತಿಲ್ಲ. ಎಂ.ಎ. ಮುಗಿಸಿದ ಹೊಸತರಲ್ಲಿ ವಿಚಾರ ಸಂಕಿರಣವೊಂದರಲ್ಲಿ ನಾನು ಮಂಡಿಸಿದ ಪ್ರಬಂಧ ‘ಕಾರಂತರ ಕಾದಂಬರಿಗಳಲ್ಲಿ ಗ್ರಾಮೀಣ ಬದುಕು: ಒಂದು ಅಧ್ಯಯನ’. ಶಿವರಾಮ ಕಾರಂತರು ಬರೆದುದು ನಲವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು. ನನ್ನ ಪ್ರಬಂಧಕ್ಕಿದ್ದುದು ಹನ್ನೆರಡು ಪುಟ. ಅದು ಕಥಾಸಾರಾಂಶಗಳ ಸರಮಾಲೆಯಾಗಿತ್ತು. ಗೋಷ್ಠಿಯ ಅಧ್ಯಕ್ಷತೆ ವಹಿಸಿದ್ದ ಹಿರಿಯರು ಕೇಳಿದ್ದು ಒಂದೇ: “ಬರೆಯುವ ಮೊದಲು ನಿಮಗೆ ತಿಳಿಯದಿದ್ದ ಯಾವ ಸಂಗತಿ ಬರೆದ ಮೇಲೆ ತಿಳಿಯಿತು?” ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ಕ್ಷೇತ್ರದಿಂದ ವಿಷಯವನ್ನು ಹೇಗೆ ರೂಪಿಸಬಹುದಿತ್ತು? ಮೊದಲು ಒಂದೇ ಕೃತಿಗೆ ಬರೋಣ: ‘ಚೋಮನ ದುಡಿ’ (1933). ಅನಂತರ ಕೃತಿಯೊಳಗೆ ನಮ್ಮನ್ನು ತಡೆದು ನಿಲ್ಲಿಸುವ ಸ್ಥಳವನ್ನು ಹುಡುಕೋಣ. ಚೋಮನಿಗೆ ಭೂಮಿ ಕೊಡಲು ಒಂದು ಹಂತದಲ್ಲಿ ಮನಸ್ಸು ಮಾಡುವ ಒಡೆಯ ಸಂಕಪ್ಪಯ್ಯ, ತಾಯಿಯ ವಿರೋಧಕ್ಕೆ ಮಣಿದು ಹಿಂದೆ ಸರಿಯುತ್ತಾನೆ. ಹಾಗಾದರೆ ಚೋಮನಿಗೆ ಭೂಮಿಯನ್ನು ನಿರಾಕರಿಸಿದ್ದು ಯಾವುದು? ಅಂದಿನ ಗೇಣಿ ಪದ್ಧತಿಯೇ, ಜಾತಿಯ ಕಟ್ಟಳೆಯೇ, ಮನೆಯೊಳಗಿನ ಹಿರಿತನವೇ? ಈ ಪ್ರಶ್ನೆಯು ಸಂಶೋಧಕನನ್ನು ಕಾದಂಬರಿಯ ಸೂಕ್ಷ್ಮ ಓದಿಗೆ ಮಾತ್ರವಲ್ಲ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಮೂಲಗೇಣಿ, ಚಾಲಗೇಣಿಗಳ ದಾಖಲೆಗಳತ್ತಲೂ ಕರೆದೊಯ್ಯುತ್ತದೆ. ಆತನ ಊಹೆ ಸುಳ್ಳಾಗುವ ಸಾಧ್ಯತೆಯೂ ಇದೆ. ‘ಗ್ರಾಮೀಣ ಬದುಕು’ ಎಂಬ ಶೀರ್ಷಿಕೆಯಡಿ ಸುಳ್ಳಾಗುವಂಥದ್ದು ಏನೂ ಇರಲಿಲ್ಲ. ಅದರ ದೌರ್ಬಲ್ಯವೂ ಅದೇ.

ಹೀಗೆ ಕಿರಿದಾಗಿಸಿದರೆ ಸಂಶೋಧನೆ ಸಂಕುಚಿತವಾಗುತ್ತದೆ ಎಂಬ ಆಕ್ಷೇಪವುಂಟು. ತುಣುಕು ವಿವರಗಳಲ್ಲೇ ಕಳೆದುಹೋಗುವ ಅಪಾಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ನಮ್ಮ ಪರಂಪರೆ ಹೇಳುವುದು ಬೇರೆ. ಕೆ.ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ಪ್ರಕಟಿಸಿದ ಮೇಲೆ ಬೆಳೆದ ಚರ್ಚೆಯ ತಿರುಳು ಚಿಕ್ಕದು: ಕರ್ತೃ ನೃಪತುಂಗನೋ ಶ್ರೀವಿಜಯನೋ? ಗ್ರಂಥದಲ್ಲಿ ಬರುವ ‘ಅನುಮತ’ ಎಂಬ ಒಂದು ಪದವನ್ನು ಅರ್ಥೈಸಲು ಹೊರಟ ವಿದ್ವಾಂಸರು ರಾಷ್ಟ್ರಕೂಟರ ಆಸ್ಥಾನ, ರಾಜಾಶ್ರಯ, ಕರ್ತೃತ್ವದ ಕಲ್ಪನೆಗಳವರೆಗೆ ಸಾಗಬೇಕಾಯಿತು. ಪ್ರಶ್ನೆ ಕಿರಿದಾಗಿದ್ದರಿಂದಲೇ ಹುಡುಕಾಟಕ್ಕೆ ದಿಕ್ಕು ಸಿಕ್ಕಿತು.

ಪ್ರಬಂಧ ಸಲ್ಲಿಕೆಗೆ ಮುನ್ನ ಪಿಎಚ್.ಡಿ. ವಿದ್ಯಾರ್ಥಿ ಒಂದಾದರೂ ಲೇಖನ ಪ್ರಕಟಿಸಿರಬೇಕೆಂದು ಯುಜಿಸಿಯ 2016ರ ನಿಯಮಾವಳಿ ವಿಧಿಸಿತ್ತು. 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಅವಸರಕ್ಕೆ ಅದನ್ನೇ ಕಾರಣವೆನ್ನುತ್ತಿದ್ದ ನಾವು ಈಗ ಏನನ್ನು ದೂರಬೇಕು? ಪಟ್ಟಿಯಿಂದ ವಿಷಯವನ್ನು ಹಂಚುವ ರೂಢಿಯನ್ನು ಮಾರ್ಗದರ್ಶಕರೂ, ಹಂಚಿದ್ದನ್ನು ಮರುಮಾತಿಲ್ಲದೆ ಸ್ವೀಕರಿಸುವ ರೂಢಿಯನ್ನು ನಾವೂ ಬಿಡಬೇಕಾಗಿದೆ. ವಿಷಯವನ್ನು ಒಪ್ಪುವ ಮುನ್ನ ವಿದ್ಯಾರ್ಥಿಯಿಂದ ಎರಡು ವಾಕ್ಯಗಳನ್ನು ಬರೆಸಿದರೆ ಸಾಕು: ನನ್ನ ಪ್ರಶ್ನೆ ಇದು, ಇಂತಹ ಆಧಾರ ದೊರೆತರೆ ನನ್ನ ಊಹೆ ತಪ್ಪೆಂದು ಒಪ್ಪುತ್ತೇನೆ. ಎರಡನೆಯ ವಾಕ್ಯವನ್ನು ಬರೆಯಲಾಗದಿದ್ದರೆ ವಿಷಯ ಇನ್ನೂ ಪಕ್ವವಾಗಿಲ್ಲವೆಂದೇ ತಿಳಿಯಬೇಕು.