ನಲವತ್ತು ದಾಟಿದವರು ಕೂಲಿಕಾರರಲ್ಲವೆ?



ಸಿಂಧನೂರಿನ ಭತ್ತದ ಗದ್ದೆ, ಲಿಂಗಸುಗೂರು, ಮಸ್ಕಿಯ ಹೊಲಗಳಲ್ಲಿ ಸೊಂಟ ಬಗ್ಗಿಸಿದವರು ನಮ್ಮ ಅವ್ವ ಅಪ್ಪಂದಿರು. ಇಂಥವರ ಮುಪ್ಪಿಗೆಂದು ಕೇಂದ್ರ ಸರ್ಕಾರ 2019ರಲ್ಲಿ ಶ್ರಮಯೋಗಿ ಮಾನ್‌ಧನ್ ಯೋಜನೆ ತಂದಿತು. ತಿಂಗಳಿಗೆ 15,000 ರೂಪಾಯಿಯೊಳಗೆ ದುಡಿಯುವವರು ವಯಸ್ಸಿನಂತೆ 55ರಿಂದ 200 ರೂಪಾಯಿ ಕಟ್ಟಬೇಕು. ಸರ್ಕಾರವೂ ಅಷ್ಟೇ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ.

ಆದರೆ ಸೇರುವ ವಯಸ್ಸು 18ರಿಂದ 40 ಮಾತ್ರ! ನಲವತ್ತೊಂದಾಯಿತೆ, ನಡಿ ಆಚೆ. ಉಳ್ಳವರು ಸೇರುವ ಎನ್‌ಪಿಎಸ್‌ಗೆ ಅರವತ್ತು ದಾಟಿದವರೂ ಹೋಗಬಹುದು. ಹತ್ತನೇ ವಯಸ್ಸಿಗೇ ಕೂಲಿಗಿಳಿದ ಅವ್ವನಿಗೆ ಮಾತ್ರ ಈ ಗೆರೆ ಯಾಕೆ ಎಂದು ನಾವು ಕೇಳುತ್ತೇವೆ. ಅವಳೇನು ತೆರಿಗೆ ಕಟ್ತಾಳೆ ಅನ್ನಬೇಡಿ. ಸೋಪಿಗೂ ಚಪ್ಪಲಿಗೂ ಅವಳೂ ಜಿಎಸ್‌ಟಿ ಕೊಡುತ್ತಾಳೆ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ರಜೆಗೆ ಹೋದಾಗ ಕೇರಿಯ ಮನೆಮನೆ ಹತ್ತಿರಿ. ನಲವತ್ತರೊಳಗಿನವರನ್ನು ಸಾಮಾನ್ಯ ಸೇವಾ ಕೇಂದ್ರಕ್ಕೆ ಕರೆದೊಯ್ದು ಹೆಸರು ಬರೆಸಿರಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ 60ರವರೆಗೂ ಕಲ್ಯಾಣ ಮಂಡಳಿಯ ಬಾಗಿಲು ಉಂಟು; ಅದನ್ನೂ ತಿಳಿಸಿರಿ. ಎರಡೂ ಸಿಗದವರ ಪಟ್ಟಿ ಮಾಡಿ ತರಿರಿ. ಮೂರೂ ತಾಲ್ಲೂಕಿನ ತಹಸೀಲ್ದಾರರ ಮುಂದೆ ಒಟ್ಟಾಗಿ ಇಡೋಣ.

ಇದು ನಮ್ಮ ಬೆವರಿನ ಬಾಕಿ.