ಬಾಗಿಲಿಗೆ ಬಂದವನು ಕಸುಬುದಾರನೇ?



ಬಿಲಾತಿಯಲ್ಲಿ ಎಲ್ಲಕ್ಕೂ ಕಾಯಿದೆಯುಂಟು, ಕ್ರಮವುಂಟು, ನಮ್ಮಲ್ಲಿಯಂತೆ ಯಾರೋ ಬಂದು ಏನನ್ನೋ ಬಿಚ್ಚಿಟ್ಟು ಹೋಗುವ ಪಾಡಿಲ್ಲವೆಂದು ನಂಬಿರುವವರು ನಮ್ಮ ನಡುವೆ ಬಹಳ. ಮಗಳ ಸಂಸಾರವಿರುವ ಸ್ಕಾಟ್ಲೆಂಡಿನ ಕ್ರೀಫ್ ಎಂಬ ಸಣ್ಣ ಪಟ್ಟಣದಲ್ಲಿ ಎರಡು ಬೇಸಿಗೆಗಳನ್ನು ಕಳೆದ ನನಗೆ ಆ ನಂಬಿಕೆಯನ್ನು ಖಂಡಿಸದೆ ಸುಮ್ಮನಿರಲಾಗುತ್ತಿಲ್ಲ.

ಕಟ್ಟುನಿಟ್ಟಾದ ಕಾಯಿದೆಯಿರುವುದು ಅನಿಲದ ಕೆಲಸಕ್ಕೆ. 2009ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಗ್ಯಾಸ್ ಸೇಫ್' ನೋಂದಣಿಯಲ್ಲಿ ಹೆಸರಿಲ್ಲದವನು ಹಣ ಪಡೆದು ಬಾಯ್ಲರನ್ನು ಮುಟ್ಟಿದರೆ ಅಪರಾಧ. ಸರಿಯೇ. ಆದರೆ ಅದೇ ಮನೆಯ ವಿದ್ಯುತ್ ತಂತಿಯನ್ನು ಬಿಚ್ಚಲು ಬರುವವನು ತನ್ನ ವ್ಯಾನಿನ ಮೇಲೆ 'ಎಲೆಕ್ಟ್ರಿಷಿಯನ್' ಎಂದು ಬರೆಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ! ಪ್ಲಂಬರನಿಗೂ ಬೇಕಿಲ್ಲ, ಮಾಡು ಹೊದಿಸುವವನಿಗೂ ಬೇಕಿಲ್ಲ. 'ಸೆಲೆಕ್ಟ್', 'ಸ್ನಿಪೆಫ್' ಮೊದಲಾದ ವೃತ್ತಿಸಂಘಗಳಿವೆ. ಕೆಲವು ಸ್ಥಳೀಯ ಆಡಳಿತಗಳು ಪರಿಶೀಲಿಸಿದ ಕೆಲಸಗಾರರ ಪಟ್ಟಿಯನ್ನೂ ಇಟ್ಟಿವೆ. ಇವೆಲ್ಲ ಒಳ್ಳೆಯವೇ. ಆದರೆ ಇಷ್ಟವಿದ್ದವನು ಸೇರುತ್ತಾನೆ, ಕಷ್ಟವೆಂದವನು ಹೊರಗುಳಿದು ಅಷ್ಟೇ ದೊಡ್ಡ ಫಲಕವನ್ನು ಬರೆಸುತ್ತಾನೆ.

ಮಾಡಿನ ಮಾತು ಬಂತೆಂದು ಹೇಳುತ್ತೇನೆ. ನೀವೆಲ್ಲ ಬಳಪ ಹಿಡಿದು ಅಕ್ಷರ ತಿದ್ದಿದ ಸ್ಲೇಟಿನ ಕಲ್ಲೇ ಅಲ್ಲಿಯ ಹಳೆಯ ಮನೆಗಳ ಹೆಂಚು. ಬಾಲಹೂಲಿಷ್ ಎಂಬಲ್ಲಿಯ ಹೆಸರಾಂತ ಸ್ಲೇಟಿನ ಗಣಿ 1955ರಲ್ಲಿ ಮುಚ್ಚಿತು; ಆ ಕಲ್ಲು ಬೇಕೆಂದರೆ ಇಂದು ಹಳೆಯ ಮಾಡುಗಳಿಂದ ಇಳಿಸಿದ್ದನ್ನೇ ಆರಿಸಿ ತರಬೇಕು. ಕಲ್ಲುಗಳು ಒಂದೇ ಅಳತೆಯವಲ್ಲ. ಸೂರಿನ ಬಳಿ ದೊಡ್ಡವು, ನೆತ್ತಿಯತ್ತ ಏರಿದಂತೆ ಚಿಕ್ಕವು. ಪ್ರತಿಯೊಂದನ್ನೂ ಹಲಗೆಗೆ ಮೊಳೆ ಹೊಡೆದು ಕೂರಿಸಬೇಕು. ಗೋಡೆಯದೂ ಹೀಗೆಯೇ. ಮರಳುಗಲ್ಲಿನ ಗೋಡೆಯ ಸಂದುಗಳಿಗೆ ಸುಣ್ಣದ ಗಾರೆಯೇ ಆಗಬೇಕು. ಸಿಮೆಂಟು ಮೆತ್ತಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಕಲ್ಲೇ ಪದರು ಪದರಾಗಿ ಉದುರುತ್ತದೆ. ಮಗಳ ಮನೆಗೆ ಅಂತರ್ಜಾಲದ ಮೂಲಕ ಬಂದ ಒಬ್ಬ ಮಹಾಶಯ ಒಂದೇ ದಿನದಲ್ಲಿ ಸಿಮೆಂಟು ಮೆತ್ತಿ, ಹಣ ಎಣಿಸಿಕೊಂಡು ಹೋದ. ಅವನಿಗೆ ಐದಕ್ಕೆ ಐದು ನಕ್ಷತ್ರಗಳಿದ್ದವು.

ಈ ನಕ್ಷತ್ರಗಳ ವ್ಯಾಪಾರವೇ ನನ್ನ ಮುಖ್ಯ ಆಕ್ಷೇಪ. ಕಾಯಿದೆ ಖಾಲಿ ಬಿಟ್ಟ ಜಾಗದಲ್ಲಿ ಅದು ಬಂದು ಕುಳಿತಿದೆ. ನೀವು ನಿಮ್ಮ ಸೋರುವ ಮಾಡಿನ ಕಥೆಯನ್ನು ಬರೆದು ಕಳಿಸುತ್ತೀರಿ. ಅಂಥ ಎಷ್ಟೋ ತಾಣಗಳು ಅದನ್ನೇ ಕೆಲಸಗಾರರಿಗೆ ಶುಲ್ಕ ಪಡೆದು ಮಾರುತ್ತವೆ. ನಕ್ಷತ್ರ ಕೊಡುವವರು ಕೆಲಸ ಮುಗಿದ ವಾರದಲ್ಲಿ ಕೊಡುತ್ತಾರೆ. ಕಲ್ಲು ಉದುರುವುದು ವರ್ಷಗಳ ಮೇಲೆ. ಉತ್ತರಪತ್ರಿಕೆಯ ಅಂದವಾದ ಅಕ್ಷರವನ್ನು ನೋಡಿ, ಒಳಗಿನ ಲೆಕ್ಕವನ್ನು ನೋಡದೆ ಅಂಕ ಕೊಟ್ಟಂತೆ.

"ಸಣ್ಣ ಊರಲ್ಲವೆ, ಬಾಯಿಮಾತೇ ಸಾಕು" ಎಂದು ಅಳಿಯಂದಿರು ವಾದಿಸಿದರು. ಅಲ್ಲಿನ ಉತ್ತಮ ಕೆಲಸಗಾರರು ಜಾಹೀರಾತು ಕೊಡುವುದಿಲ್ಲವೆಂಬುದು ನಿಜ. ಅವರಿಗೆ ತಿಂಗಳುಗಟ್ಟಲೆ ಕೆಲಸ ಕಾದಿರುತ್ತದೆ. ಆದರೆ ಬಾಯಿಮಾತು ಊರಿನಲ್ಲಿ ಬೇರು ಬಿಟ್ಟವರ ಸೊತ್ತು. ಹೊರಗಿನಿಂದ ಬಂದವರಿಗೆ ಆ ಹೆಸರುಗಳು ಕಿವಿಗೆ ಬೀಳುವಷ್ಟರಲ್ಲಿ ಎರಡು ಮಳೆಗಾಲದಷ್ಟು ನೀರು ಅಟ್ಟದೊಳಗೆ ಇಳಿದಿರುತ್ತದೆ. ಅಲ್ಲದೆ ಪಕ್ಕದ ಮನೆಯ ಅಜ್ಜಿಗೆ ತಿಳಿದಿರುವುದು ಅವನು ಹೇಳಿದ ಹೊತ್ತಿಗೆ ಬಂದ, ಸಭ್ಯವಾಗಿ ನಡೆದುಕೊಂಡ ಎಂಬುದಷ್ಟೇ. ಗೋಡೆಯೊಳಗೆ ತಂತಿಯನ್ನು ಹೇಗೆ ಜೋಡಿಸಿದನೆಂದು ಆಕೆ ಬಲ್ಲಳೆ?

ವಿಷಾದವೆಂದರೆ, ಈ ನಾಡಿಗೆ ಪರೀಕ್ಷೆ ಹೊಸತಲ್ಲ. ಸ್ಕಾಟ್ಲೆಂಡಿನ ಪಟ್ಟಣಗಳಲ್ಲಿ ಬಡಗಿಗಳಿಗೂ ಕಲ್ಲುಕುಟಿಗರಿಗೂ ಕಮ್ಮಾರರಿಗೂ ಶ್ರೇಣಿಗಳಿದ್ದವು. ಗ್ಲಾಸ್ಗೋದ ಹದಿನಾಲ್ಕು ಕಸುಬುಗಳ ಟ್ರೇಡ್ಸ್ ಹೌಸ್ 1605ರಷ್ಟು ಹಳೆಯದು, ಇಂದಿಗೂ ಇದೆ. ಶ್ರೇಣಿಗೆ ಸೇರಬೇಕಾದವನು ತನ್ನ ಕೈಯಾರೆ ಒಂದು ವಸ್ತುವನ್ನು ಮಾಡಿ ಹಿರಿಯರ ಮುಂದಿಡಬೇಕಾಗಿತ್ತು. ಅದಕ್ಕೆ 'ಎಸ್ಸೇ' ಎಂದೇ ಹೆಸರು. ನಾನು ನಿಮ್ಮಿಂದ ಬರೆಸುತ್ತಿದ್ದ ಪ್ರಬಂಧಕ್ಕೆ ಇಂಗ್ಲಿಷಿನಲ್ಲಿರುವ ಅದೇ ಪದ. ಆ ಶ್ರೇಣಿಗಳು ಹೊರಗಿನವರನ್ನು ದೂರವಿಟ್ಟು ಕಸುಬನ್ನು ತಮ್ಮ ಸ್ವತ್ತು ಮಾಡಿಕೊಂಡಿದ್ದವು. 1846ರ ಕಾಯಿದೆ ಆ ಏಕಸ್ವಾಮ್ಯವನ್ನು ರದ್ದುಗೊಳಿಸಿದ್ದು ನ್ಯಾಯವೇ. ಆದರೆ ಬೇಲಿಯನ್ನು ಕಿತ್ತವರು ಪರೀಕ್ಷೆಯನ್ನಾದರೂ ಉಳಿಸಿಕೊಳ್ಳಬಹುದಾಗಿತ್ತು.

ನೋಂದಣಿ ಕಡ್ಡಾಯವಾದರೆ ಕೂಲಿ ಏರುತ್ತದೆ, ಜನ ಸಿಗುವುದಿಲ್ಲ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಅನಿಲದ ಕೆಲಸಕ್ಕೆ ಕಡ್ಡಾಯವಾದ ಮೇಲೆ ಸ್ಕಾಟ್ಲೆಂಡಿನ ಊರುಗಳಲ್ಲಿ ಬಾಯ್ಲರುಗಳೇನು ತಣ್ಣಗಾದವೆ?

ಆ ಕಡೆ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಸದ್ಯಕ್ಕೆ ಇಷ್ಟಾದರೂ ಮಾಡಿ. ಬಾಯ್ಲರಿಗೆ ಬಂದವನ ಗುರುತುಚೀಟಿಯನ್ನು ಕೇಳಿ, ಅದರ ಹಿಂಬದಿಯನ್ನೂ ಓದಿ. ಯಾವ ಯಾವ ಕೆಲಸಕ್ಕೆ ಅವನು ಅರ್ಹನೆಂದು ಬರೆದಿರುವುದು ಅಲ್ಲಿ. ಗೋಡೆಗೆ ಬಂದವನನ್ನು ಸುಣ್ಣವೋ ಸಿಮೆಂಟೋ ಎಂದು ಮೊದಲೇ ಕೇಳಿ. ಸಿಮೆಂಟೇ ಗಟ್ಟಿ ಎಂದರೆ ಚಹಾ ಕೊಟ್ಟು ಕಳುಹಿಸಿಬಿಡಿ.