ಮೃಗಾಲಯದಲ್ಲಿ ನಮ್ಮ ನಡತೆ

ರಜೆ ಬಂದೊಡನೆ ಮಕ್ಕಳು ವೃದ್ಧರಾದಿಯಾಗಿ ಕುಟುಂಬಸಮೇತ ಹೊರಟು ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ನೋಡಿಬರುವುದು ನಮ್ಮ ನಾಡಿನ ಗೃಹಸ್ಥರಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿಯಾಗಿದೆ. ಆನೆಯನ್ನು ಕಂಡು ಕುಣಿಯುವ, ಜಿರಾಫೆಯ ಕತ್ತನ್ನು ನೋಡಿ ಬೆರಗಾಗುವ ಎಳೆಯ ಮುಖಗಳನ್ನು ಬಲ್ಲ ನಾವು ಈ ಪದ್ಧತಿ ಅಭಿವೃದ್ಧಿಯಾಗಲೆಂದೇ ಹಾರೈಸುತ್ತೇವೆ. ಆದರೆ ಅಲ್ಲಿಗೆ ಹೋದ ಮೇಲೆ ನಮ್ಮ ಜನರು ನಡೆದುಕೊಳ್ಳುವ ರೀತಿಯ ವಿಷಯದಲ್ಲಿ ಎರಡು ಮಾತು ಹೇಳುವುದು ಅವಶ್ಯವಾಗಿ ತೋರುತ್ತದೆ.

ಈ ಮೃಗಾಲಯವು 1892ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರವರ ಕಾಲದಲ್ಲಿ 10 ಎಕರೆ ನೆಲದಲ್ಲಿ ಅರಮನೆಯ ಸಂಸ್ಥೆಯಾಗಿ ಹುಟ್ಟಿತು. 1948ರಲ್ಲಿ ಅದು ಸರಕಾರದ ಕೈಸೇರಿತು. 1972ರಲ್ಲಿ ಅರಣ್ಯ ಇಲಾಖೆಗೂ, 1979ರಲ್ಲಿ ಮೃಗಾಲಯ ಪ್ರಾಧಿಕಾರಕ್ಕೂ ವಹಿಸಲ್ಪಟ್ಟಿತು. ಕಾರಂಜಿಕೆರೆಯೂ ಸೇರಿ ಇಂದು ಅದರ ವಿಸ್ತಾರ 150 ಎಕರೆಗೂ ಮಿಕ್ಕಿದೆ. ಅರಸರ ಸೊತ್ತು ಹೀಗೆ ಪ್ರಜೆಗಳ ಸೊತ್ತಾಯಿತು. ಅರಮನೆಯ ಕಾವಲಿನವನಿಗೆ ಅಂಜಿ ಸುಮ್ಮನಿರುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ತನ್ನದೆಂದು ತಿಳಿದು ತಾನೇ ಕಾಯುವುದರಲ್ಲಿ ಸ್ವರಾಜ್ಯದ ಸತ್ತ್ವವಿದೆ. ಈ ಪರೀಕ್ಷೆಯಲ್ಲಿ ನಾವು ಎಷ್ಟು ಮಟ್ಟಿಗೆ ತೇರ್ಗಡೆಯಾಗಿದ್ದೇವೆ?

ಹುಲಿಯು ಹೆಚ್ಚಾಗಿ ಸಂಜೆಯಿಂದ ಮುಂಜಾನೆಯವರೆಗೆ ಸಂಚರಿಸುವ ಪ್ರಾಣಿ. ನಡುಹಗಲಲ್ಲಿ ಅದು ನೆರಳಿನಲ್ಲಿ ಮಲಗುವುದು ಸ್ವಭಾವ. ಅದನ್ನರಿಯದೆ ‘ಏಳು, ಏಳು’ ಎಂದು ಕೂಗುವವರು, ಸಿಳ್ಳು ಹಾಕುವವರು, ಕಲ್ಲೆಸೆಯುವವರು ಉಂಟು. ಕೋತಿಗೆ ಬಿಸ್ಕತ್ತು ಎಸೆಯುವವರು ತಮ್ಮನ್ನು ದಯಾಳುಗಳೆಂದೇ ಭಾವಿಸಿರುತ್ತಾರೆ. ಅದರಿಂದ ಪ್ರಾಣಿಗೆ ಬರುವ ರೋಗ ಅವರ ಕಣ್ಣಿಗೆ ಬೀಳದು. ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲವನ್ನು ಜಿಂಕೆಯು ನುಂಗಿದರೆ ಕರುಳು ಕಟ್ಟಿ ಸಾಯಬಹುದು. ಪ್ರಾಣಿಗಳನ್ನು ಕೆಣಕುವುದು, ಅವಕ್ಕೆ ತಿನ್ನಲು ಕೊಡುವುದು, ಗದ್ದಲ ಮಾಡುವುದು, ಕಸ ಚೆಲ್ಲುವುದು ಇವೆಲ್ಲವನ್ನೂ ವನ್ಯಜೀವಿ ಸಂರಕ್ಷಣಾ ಕಾಯಿದೆಯ 38-ಜೆ ಕಲಮು ನಿಷೇಧಿಸಿದೆ. ಕಾಯಿದೆಯನ್ನು ಬಲ್ಲ ವಿದ್ಯಾವಂತರೇ ಮಗುವಿನ ಕೈಗೆ ಕಡಲೆಕಾಯಿ ಕೊಟ್ಟು ‘ಎಸೆ’ ಎಂದರೆ, ಆ ಮಗು ಅಂದು ಕಲಿಯುವ ಪಾಠವಾವುದು? ಎದುರಾಡಲಾಗದ ಪ್ರಾಣಿಯನ್ನು ಕೆಣಕಬಹುದೆಂದು ಕಲಿತವನು ಮುಂದೆ ಎದುರಾಡಲಾಗದ ಮನುಷ್ಯನನ್ನೂ ಬಿಟ್ಟಾನೆಯೆ?

ದೋಷವು ಪ್ರಜೆಗಳದು ಮಾತ್ರವೇ ಅಲ್ಲ. ಮೃಗಾಲಯಕ್ಕೆ ಮಂಗಳವಾರ ವಿರಾಮದ ದಿನ. ದಸರೆಯ ಜನಸಂದಣಿಯ ಕಾಲದಲ್ಲಿ ಆ ವಿರಾಮವನ್ನು ತಪ್ಪಿಸಿ ಬಾಗಿಲು ತೆರೆಯುವ ರೂಢಿ ಬೆಳೆದಿದೆ. ದೂರದಿಂದ ಬಂದವರಿಗೆ ನಿರಾಶೆಯಾಗಬಾರದೆಂಬ ಉದ್ದೇಶವನ್ನು ನಾವು ಬಲ್ಲೆವು. ಪ್ರವೇಶಶುಲ್ಕವೇ ಸಂಸ್ಥೆಯ ಮುಖ್ಯ ಆದಾಯವೆಂಬುದನ್ನೂ ಬಲ್ಲೆವು. ಆದರೂ ಗದ್ದಲ ಅತ್ಯಧಿಕವಾಗಿರುವ ವಾರದಲ್ಲಿಯೇ ಮೂಕಪ್ರಾಣಿಗಳ ಬಿಡುವನ್ನು ಕಿತ್ತುಕೊಳ್ಳುವುದು ನ್ಯಾಯವೆನಿಸದು. ಮಂಗಳವಾರವು ದಸರೆಯಲ್ಲಿಯೂ ಮಂಗಳವಾರವಾಗಿಯೇ ಉಳಿಯತಕ್ಕದ್ದು. ಕಿಕ್ಕಿರಿಯುವ ದಿನಗಳಲ್ಲಿ ಹೊತ್ತು ಹೊತ್ತಿಗೆ ಇಷ್ಟೇ ಜನರೆಂದು ಮಿತಿಗೊಳಿಸಿ ಚೀಟಿ ಕೊಡುವ ಏರ್ಪಾಡನ್ನೂ ಅಧಿಕಾರಿಗಳವರು ಆಲೋಚಿಸಬೇಕು.

ನಮ್ಮ ಜನರಲ್ಲಿ ಕರುಣೆ ಬತ್ತಿಲ್ಲವೆಂಬುದಕ್ಕೆ ನಿದರ್ಶನವಿದೆ. 2020ರಲ್ಲಿ ಕೊರೋನಾ ವ್ಯಾಧಿಯಿಂದ ಬಾಗಿಲು ಮುಚ್ಚಿ ಆದಾಯ ನಿಂತಾಗ ಎಷ್ಟೋ ಮಂದಿ ಧನಸಹಾಯ ಮಾಡಿದರು. ಪ್ರಾಣಿಗಳನ್ನು ದತ್ತು ಪಡೆದು ಅವುಗಳ ಮೇವಿನ ವೆಚ್ಚ ವಹಿಸಿದರು. ಆಪತ್ತಿನಲ್ಲಿ ತೋರಿದ ಆ ಬುದ್ಧಿಯನ್ನು ಸಾಮಾನ್ಯ ದಿನಗಳಲ್ಲಿಯೂ ತೋರಲು ಹಣ ಬೇಕಿಲ್ಲ. ಮಗುವಿನ ಕೈ ಹಿಡಿದು, ದನಿ ತಗ್ಗಿಸಿ, ಹಲಗೆಯ ಮೇಲಿನ ನಾಲ್ಕು ಸಾಲು ಓದಿ ಹೇಳಿದರೆ ಸಾಕು. ಬರುವ ರಜೆಯಲ್ಲಿ ಮೃಗಾಲಯಕ್ಕೆ ತೆರಳುವ ಪ್ರತಿಯೊಬ್ಬ ತಂದೆತಾಯಿಯೂ ಇಷ್ಟನ್ನು ತಮ್ಮ ಕರ್ತವ್ಯವೆಂದು ಭಾವಿಸುವರೆಂದು ನಾವು ನಂಬುತ್ತೇವೆ.